ಕುಶಾಲನಗರದಿಂದ ಮಡಿಕೇರಿಗೆ ದಿನಾ ಬೆಳಿಗ್ಗೆ: ಕಾರು ಯಾವಾಗ, ಬಸ್ಸು ಯಾವಾಗ

ಪ್ರಶ್ನೆ: ಸರ್, ಮಂಡ್ಯದಿಂದ ಮಡಿಕೇರಿಗೆ ಟ್ರಾನ್ಸ್‌ಫರ್ ಆಗಿದೆ. ಮಡಿಕೇರೀಲಿ ಮಳೆ, ಚಳಿ ಜಾಸ್ತಿ ಅಂತ ಕುಶಾಲನಗರದಲ್ಲಿ ಮನೆ ಮಾಡಿದ್ದೀವಿ. ಮಗಳನ್ನ 8.30ಕ್ಕೆ ಸ್ಕೂಲಿಗೆ ಬಿಟ್ಟು ಹೊರಡ್ತೀನಿ, 10 ಗಂಟೆಗೆ ಆಫೀಸಲ್ಲಿ ಇರ್ಬೇಕು. ಸಣ್ಣ ಕಾರೊಂದಿದೆ, ಬಯಲುಸೀಮೇಲಿ ಓಡ್ಸಿ ಅಭ್ಯಾಸ, ಈ ತಿರುವು, ಮಂಜು ಎಲ್ಲ ಹೊಸದು. ದಿನಾ ಕಾರಲ್ಲೇ ಹೋಗೋದಾ, ಬಸ್ಸಲ್ಲಾ? ನಮ್ಮ ಯಜಮಾನ್ರು ಸಿದ್ದಾಪುರದ ಬ್ಯಾಂಕಿಗೆ ಬೈಕಲ್ಲಿ ಹೋಗ್ತಾರೆ, ಆನೆ ಭಯ ಬೇರೆ. ಮಳೆಗಾಲಕ್ಕೆ ಮುಂಚೆ ದೊಡ್ಡ ಗಾಡಿ ತಗೊಳ್ಳೋದು ಒಳ್ಳೇದಾ?

ಉತ್ತರ: ನಮಸ್ತೆ ಮೇಡಂ. ನಾನು ಈ ರೋಡಲ್ಲಿ ಬಸ್ ಓಡ್ಸಿದವನು, ಆಮೇಲೆ ಹೊಸ ಡ್ರೈವರ್‌ಗಳಿಗೆ ಘಾಟಿ ಓಡ್ಸೋದು ಹೇಳ್ಕೊಟ್ಟವನು, ಹಾಗಾಗಿ ಮೊದ್ಲು ನೇರವಾಗಿ ಉತ್ತರ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯೋವರೆಗೆ ಬಸ್ಸಲ್ಲೇ ಹೋಗಿ. ಅಕ್ಟೋಬರ್ ಆದ್ಮೇಲೆ ಕಾರು ತೆಗೀರಿ, ಮೊದಲು ವಾರಕ್ಕೆ ಎರಡು ದಿನ ಸಾಕು, ತಿರುವೆಲ್ಲ ಕೈಗೆ ಕೂತ್ಮೇಲೆ ಬೇಕಾದ್ರೆ ದಿನಾ ಹೋಗಿ. ಯಜಮಾನ್ರ ಬೈಕ್ ವಿಷಯ ಬೇರೇನೇ, ನಿಮ್ಮ ಕಾರಿಗಿಂತ ನನಗೆ ಅದೇ ಜಾಸ್ತಿ ಚಿಂತೆ, ಅದನ್ನ ಕೆಳಗೆ ಬಿಡಿಸಿ ಬರ್ದಿದ್ದೀನಿ.

ಮಂಡ್ಯ, ಮೈಸೂರು ಕಡೆ ಬೆಳಿಗ್ಗೆ ಲೇಟ್ ಆಗೋದು ಸಿಗ್ನಲ್ಲು, ಟ್ರಾಫಿಕ್ಕು ಅಂತ. ನಮ್ಮಲ್ಲಿ ಹಾಗಲ್ಲ. ಮಂಜು ಬಿದ್ದಿರುತ್ತೆ, ಮರ ಬಿದ್ದಿರುತ್ತೆ, ಬರೆ (ರೋಡ್ ಪಕ್ಕದ ಕಡಿದಾದ ಮಣ್ಣಿನ ದಿಬ್ಬ) ಜರಿದಿರುತ್ತೆ, ಇಲ್ಲಾ ಆನೆ ದಾಟ್ತಿರುತ್ತೆ. ರೈಲಂತೂ ಇಡೀ ಜಿಲ್ಲೇಲೇ ಇಲ್ಲ, ಕುಶಾಲನಗರದಿಂದ ಮಡಿಕೇರಿಗೆ ಹೋಗೋಕೆ ನೆಚ್ಚಿಕೊಳ್ಳೋಕಾಗೋದು ಒಂದೇ ರೋಡು, ಅದೇ 275ನೇ ನ್ಯಾಷನಲ್ ಹೈವೇ. ಅದು ಕೈಕೊಟ್ಟ ದಿನ ನೀವು ಕಾರಲ್ಲಿದ್ರೂ ಅಷ್ಟೇ, ಬಸ್ಸಲ್ಲಿದ್ರೂ ಅಷ್ಟೇ. ಆದ್ರಿಂದ ಇಲ್ಲಿ ಬೆಳಗಿನ ಪ್ರಯಾಣ ಸುಲಭ ಆಗ್ಬೇಕು ಅಂದ್ರೆ ರೋಡಲ್ಲಿ ಏನು ಮಾಡ್ತೀರಿ ಅನ್ನೋದಕ್ಕಿಂತ ಮನೆ ಬಿಡೋ ಮುಂಚೆ ಏನು ಮಾಡಿರ್ತೀರಿ ಅನ್ನೋದೇ ಮುಖ್ಯ.

ಒಂದು ಲೆಕ್ಕ ನೋಡಿ. ದೂರ ಸುಮಾರು 30 ಕಿಲೋಮೀಟರ್. ಸರಾಸರಿ 35ರಲ್ಲಿ ಹೋದ್ರೆ 51 ನಿಮಿಷ. ಕಂಡಕಂಡ ಲಾರಿ, ಬಸ್ಸನ್ನೆಲ್ಲ ಓವರ್‌ಟೇಕ್ ಮಾಡ್ಕೊಂಡು ಸರಾಸರಿ 40ಕ್ಕೆ ಏರಿಸಿದ್ರೆ 45 ನಿಮಿಷ. ಉಳಿದಿದ್ದು ಆರು ನಿಮಿಷ. ಆ ಆರು ನಿಮಿಷಕ್ಕೋಸ್ಕರ ಕೆದಕಲ್, ಬೋಯಿಕೇರಿ ತಿರುವುಗಳಲ್ಲಿ ಎದುರು ಏನು ಬರ್ತಿದೆ ಅಂತ ಕಾಣ್ದೆ ಬಲಕ್ಕೆ ತೆಗೀತಾರಲ್ಲ, ಅದನ್ನ ನೋಡ್ದಾಗೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಅದೇ ಆರು ನಿಮಿಷ ಮನೇಲಿ ಹಿಂದಿನ ರಾತ್ರಿ ಬ್ಯಾಗು, ಟಿಫಿನ್ನು ರೆಡಿ ಮಾಡಿಟ್ರೆ ಪುಕ್ಕಟೆ ಸಿಗುತ್ತೆ.

ನಿಮ್ಮ ಪ್ರಶ್ನೇಲಿ ನನಗೆ ಎದ್ದು ಕಂಡಿದ್ದು ಕಾರು, ಬಸ್ಸು ಅಲ್ಲ, ಆ 8.30. ಮಗಳನ್ನ ಬಿಟ್ಟು, ಗೇಟ್ ಮುಂದಿನ ಆಟೋ, ವ್ಯಾನುಗಳ ಮಧ್ಯದಿಂದ ಹೊರಬರೋಷ್ಟರಲ್ಲಿ 8.40. ಬಿಸಿಲು ಕಾಲದಲ್ಲಿ ಅಲ್ಲಿಂದ ಹೊರಟ್ರೆ ಆರಾಮಾಗಿ 9.40ರೊಳಗೆ ಮಡಿಕೇರಿ ಮುಟ್ತೀರಿ. ಅದೇ ಮಂಜು ಬಿದ್ದ ದಿನ ಕಾಲು ಗಂಟೆ, ಇಪ್ಪತ್ತು ನಿಮಿಷ ಅಲ್ಲೇ ಹೋಗುತ್ತೆ, ಪಾರ್ಕಿಂಗ್ ಹುಡುಕೋಕೆ ಹತ್ತು ನಿಮಿಷ, ಹತ್ತು ಗಂಟೆ ಅಲ್ಲಿಗೇ ದಾಟಿ ಹೋಯ್ತು. ಆ ಆತುರದಲ್ಲೇ ಜನ ಘಾಟೀಲಿ ತಪ್ಪು ಮಾಡೋದು. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರ ಆದ್ರೂ ಮಗಳಿಗೆ ಸ್ಕೂಲ್ ವ್ಯಾನ್ ಮಾಡಿ, ಅಥವಾ ಅದೇ ಸ್ಕೂಲಿಗೆ ಮಕ್ಕಳನ್ನ ಬಿಡೋ ಅಕ್ಕಪಕ್ಕದ ಮನೆಯವರ ಜೊತೆ ಮಾತಾಡಿ, ಇಲ್ಲಾಂದ್ರೆ ಎಷ್ಟು ಬೇಗ ಬಿಟ್ರೆ ಮಗುವನ್ನ ಒಳಗೆ ಕೂರಿಸ್ಕೊಳ್ತೀರಿ ಅಂತ ಸ್ಕೂಲಲ್ಲೇ ಕೇಳಿ. ಮನೆಯಿಂದ 8.10ಕ್ಕೆ ಹೊರಡೋ ಹಾಗಾದ್ರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಬಗೆಹರೀತು, ಊರೊಳಗಿನ ಸ್ಕೂಲ್ ರಶ್ಶೂ ತಪ್ಪುತ್ತೆ, ಸುಂಟಿಕೊಪ್ಪ ಪೇಟೇಲಿ ವ್ಯಾನು, ಬಸ್ಸು, ಮಾದಾಪುರ ರೋಡಿಂದ ಬರೋ ಗಾಡಿ ಎಲ್ಲ ಒಟ್ಟಿಗೆ ಸೇರೋ ಮುಂಚೆ ದಾಟಿಬಿಡ್ತೀರಿ.

ಈಗ ರೋಡು. ಕುಶಾಲನಗರ ಬಿಟ್ಟು ನಿಸರ್ಗಧಾಮ, ಗುಡ್ಡೆಹೊಸೂರುವರೆಗೆ ನಿಮ್ಮ ಮಂಡ್ಯದ ಹಾಗೇ ಸಲೀಸು, ಏನೂ ಯೋಚ್ನೆ ಇಲ್ಲ. ಆನೆಕಾಡು ಶುರು ಆಗ್ತಿದ್ದ ಹಾಗೆ ಎರಡೂ ಕಡೆ ಕಾಡು, ಅಲ್ಲಿ ಬೆಳಿಗ್ಗೆ ಬೇಗ ಹೋಗೋರು ಸ್ಪೀಡ್ ಇಳಿಸ್ಲೇಬೇಕು, ಹೆಸರಲ್ಲೇ ಆನೆ ಇದೆ. ಆಮೇಲೆ ಏಳನೇ ಹೊಸಕೋಟೆ, ಸುಂಟಿಕೊಪ್ಪ, ಅಲ್ಲಿಗೆ ಅರ್ಧ ದಾರಿ ಆಯ್ತು. ನಿಜವಾದ ಏರು, ತಿರುವು ಎಲ್ಲ ಸುಂಟಿಕೊಪ್ಪದಿಂದ ಆಚೆ. ಕುಶಾಲನಗರಕ್ಕಿಂತ ಮಡಿಕೇರಿ 300 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ, ಅದಕ್ಕೇ ನೀವು ಮನೆಯಿಂದ ಹೊರಡ್ವಾಗ ಬಿಸಿಲು ಬಿದ್ದಿದ್ರೂ ಬೋಯಿಕೇರಿ ಹತ್ರ ಹೋಗೋಷ್ಟರಲ್ಲಿ ಬೆಳ್ಳಗೆ ಮಂಜು ಕವಿದಿರುತ್ತೆ. ಕುಶಾಲನಗರದ ಆಕಾಶ ನೋಡಿ ಮಡಿಕೇರಿ ಹವಾಮಾನ ಲೆಕ್ಕ ಹಾಕ್ಬೇಡಿ. ಮಡಿಕೇರೀಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತೆ, ಕುಶಾಲನಗರದಲ್ಲಿ ಅದರ ಅರ್ಧಾನೂ ಬರಲ್ಲ. ಆಫೀಸಲ್ಲಿ ಮಡಿಕೇರೀಲೇ ಮನೆ ಇರೋ ಸಹೋದ್ಯೋಗಿ ಯಾರಾದ್ರೂ ಇರ್ತಾರಲ್ಲ, ಬೆಳಿಗ್ಗೆ 7 ಗಂಟೆಗೆ ಅವ್ರಿಗೆ ಒಂದು ಮೆಸೇಜ್ ಹಾಕಿ, ಮಂಜು ಹೇಗಿದೆ, ಮರ ಏನಾದ್ರೂ ಬಿದ್ದಿದ್ಯಾ ಅಂತ. ಯಾವ ಆ್ಯಪೂ ಅಷ್ಟು ಕರೆಕ್ಟಾಗಿ ಹೇಳಲ್ಲ.

ಮಂಜಲ್ಲಿ ಓಡ್ಸೋದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಬಯಲುಸೀಮೆಯಿಂದ ಬಂದೋರು ಎಡವೋದು ಇಲ್ಲೇ. ಏನೂ ಕಾಣಲ್ಲ ಅಂತ ಹೈ ಬೀಮ್ ಹಾಕ್ತಾರೆ, ಆ ಬೆಳಕು ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತೆ, ಇನ್ನೂ ಕಮ್ಮಿ ಕಾಣುತ್ತೆ. ಲೋ ಬೀಮ್ ಇಡಿ, ಫಾಗ್ ಲ್ಯಾಂಪ್ ಇದ್ರೆ ಹಾಕಿ. ನಾಲ್ಕೂ ಇಂಡಿಕೇಟರ್ ಮಿಣುಕಿಸ್ಕೊಂಡು ಓಡ್ಸೋದು ಬೇಡ, ಹಾಗೆ ಮಾಡಿದ್ರೆ ನೀವು ಎಡಕ್ಕೆ ತಿರುಗ್ತೀರೋ ಬಲಕ್ಕೋ ಹಿಂದಿನವನಿಗೆ ಗೊತ್ತಾಗಲ್ಲ, ಗಾಡಿ ನಿಂತಿದ್ಯೋ ಹೋಗ್ತಿದ್ಯೋ ಅಂತಾನೂ ತಿಳಿಯಲ್ಲ. ಹಝಾರ್ಡ್ ಲೈಟ್ ಇರೋದು ಗಾಡಿ ಕೆಟ್ಟು ನಿಂತಾಗ ಹಾಕೋಕೆ. ಕಣ್ಣು ನಡುವಿನ ಗೆರೆ ಮೇಲಲ್ಲ, ಎಡಗಡೆ ಅಂಚಿನ ಬಿಳಿ ಪಟ್ಟಿ ಮೇಲಿರ್ಲಿ, ನಡುಗೆರೆ ಹಿಡ್ಕೊಂಡು ಹೋದ್ರೆ ಎದುರಿಂದ ಬರೋನೂ ಅದನ್ನೇ ಹಿಡ್ಕೊಂಡು ಬರ್ತಿರ್ತಾನೆ. ಮುಂದಿನ ಗಾಡಿಯ ಕೆಂಪು ಲೈಟು ಕಾಣ್ತಿದೆ ಅಂತ ಅದಕ್ಕೆ ಅಂಟ್ಕೊಂಡು ಹೋಗ್ಬೇಡಿ, ನಿಮಗೆ ಎಷ್ಟು ದೂರ ಕಾಣ್ತಿದ್ಯೋ ಅಷ್ಟರಲ್ಲಿ ನಿಲ್ಲಿಸೋಕಾಗೋ ಸ್ಪೀಡಲ್ಲಿರಿ. ತೀರಾ ಕಾಣ್ದಿದ್ರೆ ಪೂರ್ತಿ ರೋಡ್ ಬಿಟ್ಟು ಕೆಳಗಿಳಿಸಿ, ಅಗಲವಾದ ಜಾಗದಲ್ಲಿ ನಿಲ್ಲಿ, ತಿರುವಲ್ಲಂತೂ ಬೇಡವೇ ಬೇಡ. ಟೂರಿಸ್ಟ್‌ಗಳು ಮಂಜಲ್ಲಿ ಫೋಟೋ ತೆಗೆಯೋಕೆ ಅಂತ ತಿರುವಲ್ಲೇ ಬಾಗಿಲು ತೆಗೆದು ನಿಂತಿರ್ತಾರೆ, ಅದಕ್ಕೇ ಪ್ರತಿ ತಿರುವಲ್ಲೂ ಆಚೆ ಒಂದು ಕಾರು ನಿಂತಿದೆ ಅಂದ್ಕೊಂಡೇ ತಿರುಗಿಸಿ.

ಒಳಗಡೆ ಗಾಜಿಗೆ ಆವಿ ಕಟ್ಟೋದು ಇನ್ನೊಂದು ಕಾಟ. ಬಟ್ಟೆಯಿಂದ ಒರೆಸ್ತಾ ಓಡ್ಸೋರನ್ನ ನೋಡಿದ್ದೀನಿ, ಒಂದು ಕೈ ಸ್ಟೇರಿಂಗ್, ಒಂದು ಕೈ ಗಾಜು, ಅಪಾಯ. ಎಸಿ ಆನ್ ಮಾಡಿ, ಟೆಂಪರೇಚರ್ ಬಿಸಿ ಕಡೆಗೆ ತಿರುಗಿಸಿ, ಗಾಳಿ ಮುಂದಿನ ಗಾಜಿಗೆ ಬರೋ ಹಾಗಿಡಿ, ಹೊರಗಿನ ಗಾಳಿ ಒಳಗೆ ಬರೋ ಬಟನ್ ಹಾಕಿ. ಒಂದೆರಡು ನಿಮಿಷದಲ್ಲಿ ಕ್ಲಿಯರ್ ಆಗುತ್ತೆ. ಚಳಿ ಅಂತ ಎಸಿ ಹಾಕಲ್ಲ ಅನ್ನೋರೇ ಜಾಸ್ತಿ, ಆದ್ರೆ ಇಲ್ಲಿ ಎಸಿ ಬೇಕಾಗಿರೋದು ತಂಪಿಗಲ್ಲ, ಒಳಗಿನ ತೇವ ಎಳ್ಕೊಳ್ಳೋಕೆ. ಒದ್ದೆ ಕೊಡೆ, ರೇನ್‌ಕೋಟು ಸೀಟಿನ ಮೇಲೆ ಇಡ್ಬೇಡಿ, ಹಿಂದೆ ಡಿಕ್ಕೀಲಿ ಹಾಕಿ, ಅರ್ಧ ಆವಿ ಅದರಿಂದಾನೇ ಕಟ್ಟೋದು.

ಏರಲ್ಲಿ ಕ್ಲಚ್ ಮೇಲೆ ಕಾಲಿಟ್ಕೊಂಡೇ ಹೋಗೋ ಅಭ್ಯಾಸ ಇದ್ರೆ ಬಿಡಿ, ವಾಸನೆ ಬಂದ್ರೆ ಕ್ಲಚ್ ಪ್ಲೇಟ್ ಸುಡ್ತಿದೆ ಅಂತ ಅರ್ಥ. ಗಾಡಿ ಎಳೀತಿಲ್ಲ ಅನ್ನಿಸಿದ ತಕ್ಷಣ ಗೇರ್ ಇಳಿಸಿ. ಏರಲ್ಲಿ ನಿಂತು ಹೊರಡ್ವಾಗ ಹ್ಯಾಂಡ್‌ಬ್ರೇಕ್ ಬಳಸಿ. ಸಂಜೆ ವಾಪಸ್ ಬರ್ವಾಗ ಇಳಿಜಾರು, ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ, ಉದ್ದಕ್ಕೂ ಬ್ರೇಕ್ ತುಳ್ಕೊಂಡು ಬಂದ್ರೆ ಬ್ರೇಕ್ ಬಿಸಿಯಾಗಿ ಹಿಡಿಯಲ್ಲ. ಇಕ್ಕಟ್ಟಾದ ಕಡೆ ಹತ್ತೋ ಗಾಡಿಗೆ ದಾರಿ ಬಿಡ್ಬೇಕು ಅಂತ ರೂಲೇ ಇದೆ, ಇಳಿಯೋ ಗಾಡಿ ಕಾಯ್ಬೇಕು. ಬಸ್ಸಿನ ಹಿಂದೆ ಸಿಕ್ಕಾಕೊಂಡ್ರೆ ಬೇಜಾರ್ ಮಾಡ್ಕೋಬೇಡಿ, ಹೊಸಬರಿಗೆ ಅದೇ ಒಳ್ಳೇದು: ಬಸ್ ಡ್ರೈವರ್ ಎತ್ತರದಲ್ಲಿ ಕೂತಿರ್ತಾನೆ, ತಿರುವಿನಾಚೆ ನಿಮಗಿಂತ ಮೊದ್ಲು ಅವನಿಗೆ ಕಾಣುತ್ತೆ, ದಾರೀನೂ ಗೊತ್ತು. ನಾಲ್ಕೈದು ಗಾಡಿ ಅಂತರ ಬಿಟ್ಟು ಅವನ ಹಿಂದೇನೇ ಹೋಗಿ, ಅವನು ಎಲ್ಲಿ ನಿಧಾನ ಮಾಡ್ತಾನೆ ನೋಡ್ಕೊಳ್ಳಿ, ಅದೇ ನಿಮಗೆ ಟ್ರೈನಿಂಗು. ಡಿಸೆಂಬರ್‌ನಿಂದ ಕಾಫಿ ಕುಯ್ಲು ಜೋರಾಗಿರುತ್ತೆ, ಆಗ ಬೆಳಿಗ್ಗೆ ಹೊತ್ತು ತೋಟಕ್ಕೆ ಆಳು ಕರ್ಕೊಂಡು ಹೋಗೋ ಜೀಪು, ಪಿಕಪ್ಪು ಎಲ್ಲಿ ಬೇಕಾದ್ರೂ ನಿಲ್ಲುತ್ತೆ, ಲೈನ್ ಮನೆ (ತೋಟದ ಆಳುಗಳ ಸಾಲು ಮನೆ) ಇರೋ ಕಡೆ ಕಾಲು ಬ್ರೇಕ್ ಹತ್ರಾನೇ ಇರ್ಲಿ.

ಇನ್ನು ಜಡಿಮಳೆ. ಕಕ್ಕಡ ತಿಂಗಳು, ಅಂದ್ರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಇಲ್ಲಿಯವರೇ ಅಗತ್ಯ ಇದ್ರೆ ಮಾತ್ರ ಗಾಡಿ ತೆಗಿಯೋದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಕುಸಿದು ಬಂದಿದ್ದನ್ನ ಕಣ್ಣಾರೆ ಕಂಡ ಜನ ನಾವು, ಹಾಗಾಗಿ ಮಳೆ ವಿಷಯದಲ್ಲಿ ಧೈರ್ಯ ತೋರ್ಸೋಕೆ ಹೋಗ್ಬೇಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ. ಹವಾಮಾನ ಇಲಾಖೆಯ ಅಲರ್ಟ್ ಬಣ್ಣ ಹಿಂದಿನ ಸಂಜೇನೇ ನೋಡಿ. ಹಳದಿ ಅಂದ್ರೆ 24 ಗಂಟೇಲಿ 64.5 ಮಿಲಿಮೀಟರ್ ದಾಟೋ ಮಳೆ ಬರ್ಬಹುದು, ಆರೆಂಜ್ ಅಂದ್ರೆ 115.6ರಿಂದ 204.4ರವರೆಗೆ, ರೆಡ್ ಅಂದ್ರೆ ಅದಕ್ಕೂ ಮೇಲೆ. ಹಳದಿಗೆ ಇಲ್ಲಿ ಯಾರೂ ಕೆಲಸ ಬಿಡಲ್ಲ, ಅರ್ಧ ಗಂಟೆ ಬೇಗ ಹೊರಟ್ರೆ ಸಾಕು. ಆರೆಂಜ್ ಇದ್ರೆ ಕಾರು ಮನೇಲೇ ಇರ್ಲಿ. ರೆಡ್ ದಿನ ಡಿಸಿಯವರು ಸ್ಕೂಲ್, ಕಾಲೇಜಿಗೆ ರಜೆ ಕೊಡೋದು ಸಾಮಾನ್ಯ, ಆದ್ರೆ ಆಫೀಸಿಗೆ ರಜೆ ಇರಲ್ಲ, ಮಗಳು ಮನೇಲಿ, ನೀವು ದಾರೀಲಿ ಅನ್ನೋ ಹಾಗಾಗುತ್ತೆ. ಆ ದಿನಕ್ಕೆ ಮಗಳನ್ನ ನೋಡ್ಕೊಳ್ಳೋರು ಯಾರು ಅಂತ ಈಗ್ಲೇ ಗೊತ್ತು ಮಾಡಿಟ್ಕೊಳ್ಳಿ, ಬೆಳಿಗ್ಗೆ ಆರೂವರೆಗೆ ರಜೆ ಸುದ್ದಿ ಬಂದಾಗ ಹುಡುಕೋಕಾಗಲ್ಲ.

ದಾರೀಲಿ ಬರೆ ಮೇಲೆ ಕಣ್ಣಿರ್ಲಿ. ನಿನ್ನೆ ತಿಳಿಯಾಗಿ ಇಳೀತಿದ್ದ ನೀರು ಇವತ್ತು ಕೆಂಪು ಕೆಸರಾಗಿ ಬರ್ತಿದ್ರೆ, ಸಣ್ಣ ಸಣ್ಣ ಕಲ್ಲು ರೋಡಿಗೆ ಉರುಳಿ ಬಿದ್ದಿದ್ರೆ, ಕರೆಂಟ್ ಕಂಬ ಅಥವಾ ಮರ ಹೊಸದಾಗಿ ವಾಲಿದ್ರೆ, ಟಾರಲ್ಲಿ ಉದ್ದಕ್ಕೆ ಬಿರುಕು ಕಂಡ್ರೆ ಅಲ್ಲಿ ನಿಲ್ಲಲೇಬೇಡಿ, ದಾಟೋಕೂ ಹೋಗ್ಬೇಡಿ, ಹಿಂದಕ್ಕೆ ಬಂದು ಅಗಲವಾದ ಕಡೆ ನಿಂತು 1077ಕ್ಕೆ ಫೋನ್ ಮಾಡಿ, ಅದು ಜಿಲ್ಲಾಡಳಿತದ ವಿಪತ್ತು ಕಂಟ್ರೋಲ್ ರೂಮ್. ಹೈವೇ ಸಹಾಯಕ್ಕೆ 1033, ಪೊಲೀಸ್‌ಗೆ 112, ಆಂಬುಲೆನ್ಸ್‌ಗೆ 108. ಮರ ಬಿದ್ರೆ ಊರವರು ಕತ್ತಿ ತಂದು ಕಡಿದು ದಾರಿ ಮಾಡೋದು ಇಲ್ಲಿ ರೂಢಿ, ಬಹಳ ಜನ ಗಾಡೀಲೇ ಕತ್ತಿ, ಹಗ್ಗ ಇಟ್ಕೊಂಡಿರ್ತಾರೆ. ಆದ್ರೆ ಮರದ ಜೊತೆ ವಯರ್ ಬಿದ್ದಿದ್ರೆ ಯಾರೂ ಹತ್ರ ಹೋಗ್ಬಾರದು, 1912ಕ್ಕೆ ಹೇಳಿ ಲೈನ್ ಆಫ್ ಆಯ್ತು ಅಂತ ಖಾತ್ರಿ ಆಗೋವರೆಗೆ ಕಾಯ್ಬೇಕು. ಹೈವೇ ಬ್ಲಾಕ್ ಆದ್ರೆ ಚೆಟ್ಟಳ್ಳಿ ಮೇಲೆ ಹೋಗೋಣ ಅಂತ ಯಾರಾದ್ರೂ ಹೇಳ್ತಾರೆ. ಅದು ತೋಟಗಳ ಮಧ್ಯದ ದಾರಿ, ಆನೆ ಓಡಾಡೋ ಜಾಗ, ಮಳೇಲಿ ಬರೆ ಅಲ್ಲೂ ಜರಿಯುತ್ತೆ, ಹೊಸಬರು ಒಬ್ಬರೇ ಆ ಕಡೆ ತಿರುಗಿಸ್ಬೇಡಿ. ಇನ್ನೊಂದು, ನಿಮ್ಮ ಮನೆ ಸಾಯಿ ಬಡಾವಣೆ, ಕುವೆಂಪು ಬಡಾವಣೆ ಥರ ಹೊಳೆ ಹತ್ರದ ತಗ್ಗಲ್ಲಿದ್ರೆ, ಹಾರಂಗಿ ಡ್ಯಾಮಿಂದ ನೀರು ಜಾಸ್ತಿ ಬಿಡ್ತಾರೆ ಅಂತ ಸುದ್ದಿ ಬಂದ ರಾತ್ರೀನೇ ಕಾರನ್ನ ಎತ್ತರದ ರೋಡಿಗೆ ತಂದು ನಿಲ್ಸಿ.

ಇದೆಲ್ಲ ಓದಿದ್ಮೇಲೆ ಮಳೆಗಾಲಕ್ಕೆ ಬಸ್ಸು ಅಂತ ಯಾಕೆ ಹೇಳ್ದೆ ಅಂತ ಗೊತ್ತಾಗಿರ್ಬೇಕು. ಕುಶಾಲನಗರ–ಮಡಿಕೇರಿ ಮಧ್ಯೆ ಬೆಳಿಗ್ಗೆ ಬಸ್ಸಿಗೇನೂ ಬರ ಇಲ್ಲ, ಬೆಂಗಳೂರು, ಮೈಸೂರಿಂದ ಬರೋ ಕೆಎಸ್ಆರ್‌ಟಿಸಿ ಇದೆ, ಪ್ರೈವೇಟ್ ಇದೆ. ಕುಶಾಲನಗರದಿಂದಲೇ ಹೊರಡೋ ಬಸ್ಸಿಗೂ ಮೈಸೂರಿಂದ ಬರೋ ಬಸ್ಸಿಗೂ ವ್ಯತ್ಯಾಸ ತಿಳ್ಕೊಂಡಿರಿ: ದೂರದ ಬಸ್ಸು ಸ್ಟಾಪು ಕಮ್ಮಿ, ಬೇಗ ಹೋಗುತ್ತೆ, ಆದ್ರೆ ಎಷ್ಟೊತ್ತಿಗೆ ಬರುತ್ತೆ ಅನ್ನೋದು ಮೈಸೂರು, ಹುಣಸೂರು, ಪಿರಿಯಾಪಟ್ಟಣದಲ್ಲಿ ಏನಾಯ್ತು ಅನ್ನೋದ್ರ ಮೇಲೆ. ಇಲ್ಲಿಂದಲೇ ಹೊರಡೋದು ಅಲ್ಲಲ್ಲಿ ನಿಲ್ಲುತ್ತೆ, ಆದ್ರೆ ಟೈಮಿಗೆ ಬಿಡುತ್ತೆ, ಸೀಟೂ ಸಿಗುತ್ತೆ. ಟೈಮಿಗೆ ಆಫೀಸು ಮುಟ್ಟಬೇಕಾದೋರಿಗೆ ಎರಡನೇದೇ ಒಳ್ಳೇದು. ಒಂದು ವಾರ ಸ್ಟ್ಯಾಂಡಲ್ಲಿ ನಿಂತು ಯಾವ ಬಸ್ಸು ನಿಜಕ್ಕೂ ಎಷ್ಟಕ್ಕೆ ಹೊರಡುತ್ತೆ ಅಂತ ಬರ್ಕೊಳ್ಳಿ, ಕಂಡಕ್ಟರ್ ಪರಿಚಯ ಮಾಡ್ಕೊಳ್ಳಿ, ದಿನಾ ಹೋಗೋರನ್ನ ಅವರೇ ಗುರುತು ಇಟ್ಕೊಂಡಿರ್ತಾರೆ. ನೀವು ಹತ್ತೋ ಬಸ್ಸಿನ ಹಿಂದೆ ಇನ್ನೊಂದು ಇರೋ ಹಾಗೆ ಟೈಮ್ ಇಟ್ಕೊಳ್ಳಿ, ಆಫೀಸಿಗೆ ಮುಟ್ಟಿಸೋ ಕಟ್ಟಕಡೇ ಬಸ್ಸನ್ನೇ ನೆಚ್ಚಿಕೊಳ್ಬೇಡಿ.

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಕೆಎಸ್ಆರ್‌ಟಿಸಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ, ಕರ್ನಾಟಕದ ವಿಳಾಸ ಇರೋ ಐಡಿ ತೋರ್ಸ್ಬೇಕು. ರಾಜಹಂಸ, ಐರಾವತಕ್ಕೆ ಇದು ಇಲ್ಲ, ಪ್ರೈವೇಟ್‌ಗಂತೂ ಇಲ್ವೇ ಇಲ್ಲ. ಪ್ರೈವೇಟ್ ಬಸ್ಸು ಮಡಿಕೇರೀಲಿ ಬೇರೆ ಸ್ಟ್ಯಾಂಡಿಗೆ ಹೋಗುತ್ತೆ, ರೇಸ್ ಕೋರ್ಸ್ ರೋಡ್ ಕಡೆಗೆ. ನಿಮ್ಮ ಆಫೀಸು ಆ ಕಡೆ ಹತ್ರ ಆದ್ರೆ ಟಿಕೆಟ್ ಕೊಟ್ಟು ಹೋದ್ರೂ ಆಟೋ ದುಡ್ಡು ಉಳಿಯುತ್ತೆ, ಲೆಕ್ಕ ಹಾಕಿ ನೋಡಿ. ಚಿಲ್ಲರೆ ಇಟ್ಕೊಳ್ಳಿ, ದಾರೀಲಿ ನೆಟ್‌ವರ್ಕ್ ಹೋಗೋ ಕಡೆ ಫೋನಲ್ಲಿ ದುಡ್ಡು ಕಟ್ಟೋಕಾಗಲ್ಲ. ತಿರುವಲ್ಲಿ ಹೊಟ್ಟೆ ತೊಳೆಸೋರಾದ್ರೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದಿನ ಅರ್ಧದಲ್ಲಿ ಕೂತ್ಕೊಳ್ಳಿ, ಫೋನ್ ನೋಡ್ದೆ ಮುಂದಿನ ರೋಡ್ ನೋಡಿ, ಬೆಳಿಗ್ಗೆ ಎಣ್ಣೆ ತಿಂಡಿ ಬಿಟ್ಟು ಎರಡು ಇಡ್ಲಿ ತಿಂದು ಹತ್ತಿ. ಸ್ವಲ್ಪ ದಿನ ಕಳೆದ್ರೆ ಮೈ ಒಗ್ಗಿಹೋಗುತ್ತೆ.

ಸಂಜೆದೂ ಒಂದು ಮಾತು, ಯಾಕಂದ್ರೆ ಬೆಳಿಗ್ಗೆ ಬಸ್ಸಲ್ಲಿ ಹೋದೋರು ಬಸ್ಸಲ್ಲೇ ಬರ್ಬೇಕು. ಮಡಿಕೇರಿಯಿಂದ ಕೆಳಗೆ ಬರೋ ಬಸ್ಸುಗಳಲ್ಲಿ ಸುಮಾರು ಮಂಗಳೂರು, ಪುತ್ತೂರು ಕಡೆಯಿಂದ ಬಂದು ಮೈಸೂರಿಗೆ ಹೋಗೋವು. ಸಂಪಾಜೆ ಘಾಟಿ ಬಂದ್ ಆದ ದಿನ ಅವು ಮಡಿಕೇರಿಗೇ ಬರಲ್ಲ. ನಿಮ್ಮ ದಾರಿ ಚೆನ್ನಾಗೇ ಇರುತ್ತೆ, ಬಸ್ಸು ಮಾತ್ರ ಅರ್ಧ ಆಗಿರುತ್ತೆ. ಸಂಪಾಜೆ ಕಡೆ ಮಣ್ಣು ಕುಸಿದಿದೆ ಅಂತ ಸುದ್ದಿ ಕೇಳಿದ ದಿನ ಮಡಿಕೇರಿಯಿಂದಲೇ ಹೊರಡೋ ಬಸ್ಸು ಯಾವುದು ಅಂತ ಮಧ್ಯಾಹ್ನಾನೇ ವಿಚಾರ್ಸಿ ಇಟ್ಕೊಳ್ಳಿ.

ಕಾರಲ್ಲಿ ಹೋದ ದಿನ ಮಡಿಕೇರಿ ಊರೊಳಗೆ ತರ್ಲೇಬೇಕು ಅಂತಿಲ್ಲ. ರೋಡುಗಳು ಕಿರಿದು, ಏರಿಳಿತ, ಜನರಲ್ ತಿಮ್ಮಯ್ಯ ಸರ್ಕಲ್ ದಾಟಿ ಒಳಗೆ ಹೋದಷ್ಟೂ ಜಾಗ ಕಮ್ಮಿ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಸಿಕ್ಕ ಜಾಗದಲ್ಲಿ ನಿಲ್ಸಿ ಏಳೆಂಟು ನಿಮಿಷ ನಡೆದ್ರೆ, ಒಳಗೆ ಮೂರು ಸುತ್ತು ಹಾಕೋದಕ್ಕಿಂತ ಬೇಗ ಮುಟ್ತೀರಿ. ಬರೆ ಕೆಳಗೆ, ಒಣಗಿದ ಮರದ ಕೆಳಗೆ ಮಾತ್ರ ಪಾರ್ಕ್ ಮಾಡ್ಬೇಡಿ. ಶುಕ್ರವಾರ ಮಡಿಕೇರಿ ಸಂತೆ, ಆ ದಿನ ಕಾರಿಗಿಂತ ಬಸ್ಸೇ ವಾಸಿ, ಚೌಕಿ, ಮಾರ್ಕೆಟ್ ಸುತ್ತಮುತ್ತ ಕಾಲಿಡೋಕೆ ಜಾಗ ಇರಲ್ಲ. ಮಂಗಳವಾರ ಕುಶಾಲನಗರದ್ದೇ ಸಂತೆ, ಹೊರಡೋ ತುದೀಲೇ ನಿಧಾನ ಆಗುತ್ತೆ. ಎರಡನೇ, ನಾಲ್ಕನೇ ಶನಿವಾರ ನಿಮಗೆ ರಜೆ ಇದ್ರೆ ಪುಣ್ಯ, ಉಳಿದ ಶನಿವಾರ ಬೆಂಗಳೂರಿಂದ ಬೆಳಿಗ್ಗೆ ಐದಕ್ಕೆ ಹೊರಟ ಟೂರಿಸ್ಟ್ ಗಾಡಿಗಳು 9, 10 ಗಂಟೆ ಹೊತ್ತಿಗೆ ನಿಸರ್ಗಧಾಮದ ಹತ್ರ ಸಾಲಾಗಿ ಬರುತ್ವೆ, ಅವಕ್ಕಿಂತ ಮುಂಚೆ ನೀವು ಸುಂಟಿಕೊಪ್ಪ ದಾಟಿರ್ಬೇಕು. ಆಫೀಸಿನ ಇಬ್ಬರು ಮೂವರು ಕುಶಾಲನಗರದವರೇ ಇದ್ರೆ ಒಂದೇ ಕಾರಲ್ಲಿ ಹೋಗಿ, ಪೆಟ್ರೋಲ್ ಹಂಚ್ಕೊಳ್ಳಿ, ಮಂಜಲ್ಲಿ ಎರಡನೇ ಜೊತೆ ಕಣ್ಣು ಇದ್ರೆ ಧೈರ್ಯ. ತಲೆಗೆ ಇಷ್ಟು ಅಂತ ಬಾಡಿಗೆ ಥರ ಮಾತ್ರ ವಸೂಲಿ ಮಾಡ್ಬೇಡಿ, ಬಿಳಿ ಬೋರ್ಡ್ ಗಾಡಿಗೆ ಅದು ಕಾನೂನಲ್ಲಿಲ್ಲ, ಏನಾದ್ರೂ ಆದ್ರೆ ಇನ್ಶೂರೆನ್ಸ್ ತಕರಾರು ಬರುತ್ತೆ.

ಈಗ ಯಜಮಾನ್ರ ವಿಷಯ. ಗುಡ್ಡೆಹೊಸೂರಲ್ಲಿ ಎಡಕ್ಕೆ ತಿರುಗಿ ನಂಜರಾಯಪಟ್ಟಣ, ವಾಲ್ನೂರು, ನೆಲ್ಯಹುದಿಕೇರಿ ಮೇಲೆ ಸಿದ್ದಾಪುರಕ್ಕೆ ಹೋಗೋ ದಾರಿ ಇದ್ಯಲ್ಲ, ಒಂದು ಕಡೆ ಮೀನುಕೊಲ್ಲಿ ಕಾಡು, ಇನ್ನೊಂದು ಕಡೆ ಹೊಳೆ ಆಚೆ ದುಬಾರೆ, ಮಧ್ಯೆ ಕಾಫಿ ತೋಟ. ರಾತ್ರಿ ತೋಟಕ್ಕೆ ಬಂದ ಆನೆ ಬೆಳಗಿನ ಜಾವ ಕಾಡಿಗೆ ವಾಪಸ್ ಹೋಗುತ್ತೆ, ಕೆಲವು ತೋಟದಲ್ಲೇ ಉಳ್ಕೊಳ್ಳುತ್ವೆ. ಹಲಸಿನ ಹಣ್ಣು ಮಾಗೋ ಕಾಲದಲ್ಲಿ, ಮೇ ಜೂನ್ ಹೊತ್ತಿಗೆ, ಇನ್ನೂ ಜಾಸ್ತಿ. ಕಾರಿನವನಿಗೆ ಸುತ್ತ ತಗಡಾದ್ರೂ ಇರುತ್ತೆ, ಬೈಕಿನವನಿಗೆ ಏನೂ ಇಲ್ಲ. ಹಾಗಾಗಿ ಬೆಳಕು ಸರಿಯಾಗಿ ಹರಿಯೋ ಮುಂಚೆ ಹೊರಡೋದು ಬೇಡ, ಏಳೂವರೆ ಎಂಟರ ಮೇಲೆ ಹೊರಡ್ಲಿ, ಸಾಧ್ಯ ಆದ್ರೆ ಬಸ್ಸಿನ ಹಿಂದೆ ಅಥವಾ ಇನ್ನೊಂದು ಗಾಡಿ ಜೊತೆ. ಅರಣ್ಯ ಇಲಾಖೆಯವರು, ಅವರ ಆರ್‌ಆರ್‌ಟಿ ಅನ್ನೋ ತುರ್ತು ತಂಡದವರು ಯಾವ ತೋಟದಲ್ಲಿ ಆನೆ ಇದೆ ಅಂತ ವಾಟ್ಸಾಪ್ ಗುಂಪುಗಳಲ್ಲಿ ಹಾಕ್ತಾರೆ, ಬ್ಯಾಂಕಿಗೆ ಬರೋ ತೋಟದವರನ್ನ ಕೇಳಿದ್ರೆ ಆ ಗುಂಪಿಗೆ ಸೇರಿಸ್ತಾರೆ. ಹೆಲ್ಮೆಟ್ ಒಳಗೆ ಹಾಡು ಕೇಳ್ಕೊಂಡು ಹೋಗೋದು ಈ ದಾರೀಲಿ ಖಂಡಿತಾ ಬೇಡ, ಬಿದಿರು ಮುರಿಯೋ ಸದ್ದು ಕೇಳಿಸ್ಬೇಕು. ರೋಡ್ ಮೇಲೆ ಹಸಿ ಲದ್ದಿ, ಈಗಷ್ಟೇ ಮುರಿದ ಕೊಂಬೆ ಕಂಡ್ರೆ ಹತ್ರಾನೇ ಇದೆ ಅಂತ ತಿಳ್ಕೊಂಡು ನಿಲ್ಲಿ.

ಆನೆ ಕಂಡೇಬಿಟ್ರೆ ದೂರದಲ್ಲೇ ನಿಲ್ಸೋದು, ಹಾರನ್ ಹೊಡೀಬಾರದು, ಲೈಟ್ ಮಿಣುಕಿಸ್ಬಾರದು, ಫೋಟೋಗೆ ಇಳೀಬಾರದು. ಇಂಜಿನ್ ಆಫ್ ಮಾಡ್ದೆ ನಿಧಾನವಾಗಿ ಗಾಡಿ ಹಿಂದಕ್ಕೆ ತಿರುಗಿಸ್ಕೊಂಡು ಬರೋದು. ಒಂದು ದಾಟ್ತು ಅಂತ ಹೊರಡ್ಬಾರದು, ಹಿಂದೆ ಮರಿ ಜೊತೆ ಇನ್ನೂ ನಾಲ್ಕು ಇರ್ಬಹುದು, ಮರಿಗೂ ತಾಯಿಗೂ ಮಧ್ಯೆ ಸಿಕ್ಕಿಬಿದ್ರೆ ಉಳಿಯೋದು ಕಷ್ಟ. ಒಂಟಿ ಸಲಗ ಆದ್ರೆ ಇನ್ನೂ ದೂರ ಇರ್ಬೇಕು. ಬ್ಯಾಂಕಿಗೆ ಅರ್ಧ ಗಂಟೆ ಲೇಟಾದ್ರೆ ಆ ಊರಲ್ಲಿ ಎಲ್ಲರಿಗೂ ಕಾರಣ ಅರ್ಥ ಆಗುತ್ತೆ, ಮ್ಯಾನೇಜರಿಗೂ ಸಹ. ಜೋರು ಮಳೇಲಿ ಇನ್ನೊಂದು ತೊಂದ್ರೆ, ಕಾವೇರಿ ತುಂಬಿದಾಗ ಕರಡಿಗೋಡು, ಗುಹ್ಯ ಕಡೆ ತಗ್ಗಿಗೆಲ್ಲ ನೀರು ನುಗ್ಗುತ್ತೆ, ಆ ದಿನಗಳಲ್ಲಿ ಬೈಕ್ ಬಿಟ್ಟು ಅವರೂ ಬಸ್ ಹತ್ತಲಿ.

ಕೊನೇದಾಗಿ ದೊಡ್ಡ ಗಾಡಿ. ಬೇಡ ಮೇಡಂ. ಈ ರೋಡಿಗೆ ಸಣ್ಣ ಕಾರು ಧಾರಾಳ ಸಾಕು, ಮಡಿಕೇರಿ ಪಾರ್ಕಿಂಗಿಗೂ ಅದೇ ಅನುಕೂಲ. ಗಾಡಿ ಎತ್ತರ ಇದೆ ಅಂತ ಮಂಜಲ್ಲಿ ಜಾಸ್ತಿ ಕಾಣಲ್ಲ, ಒದ್ದೆ ಟಾರಲ್ಲಿ ಬ್ರೇಕೂ ಬೇಗ ಹಿಡಿಯಲ್ಲ. ಆ ದುಡ್ಡಿನಲ್ಲಿ ಸ್ವಲ್ಪಾನೇ ಖರ್ಚು ಮಾಡಿ, ಮೇ ತಿಂಗಳು ಮುಗಿಯೋದ್ರೊಳಗೆ ಟೈರ್ ನೋಡ್ಸಿ. ಕಾನೂನು ಪ್ರಕಾರ ಟೈರಿನ ಗೀರಿನ ಆಳ 1.6 ಮಿಲಿಮೀಟರ್ ಇದ್ರೆ ಸಾಕು, ಆದ್ರೆ ನಮ್ಮ ಮಳೆಗೆ 3ಕ್ಕೆ ಇಳಿದಾಗಲೇ ಬದಲಾಯಿಸೋದು ಒಳ್ಳೇದು. ವೈಪರ್ ಬ್ಲೇಡ್ ಹೊಸದು ಹಾಕ್ಸಿ, ಬ್ರೇಕ್ ಪ್ಯಾಡ್, ಬ್ಯಾಟರಿ ಚೆಕ್ ಮಾಡ್ಸಿ, ಹೆಡ್‌ಲೈಟ್ ಮಸುಕಾಗಿದ್ರೆ ಪಾಲಿಶ್ ಮಾಡ್ಸಿ, ಹಿಂದಿನ ಗಾಜಿನ ಡಿಫಾಗರ್ ಕೆಲಸ ಮಾಡುತ್ತಾ ನೋಡಿ. ಡಿಕ್ಕೀಲಿ ಒಂದು ಟಾರ್ಚು, ಹಗ್ಗ, ಒಣಗಿದ ಟವಲ್ಲು, ಒಂದು ಜೊತೆ ಬಟ್ಟೆ, ಕುಡಿಯೋ ನೀರು, ಬಿಸ್ಕೆಟ್ ಪ್ಯಾಕೆಟ್ ಇರ್ಲಿ. ಆಮೇಲೆ ಬಿಸಿಲಿರೋ ಒಂದು ಭಾನುವಾರ ಬೆಳಿಗ್ಗೆ ಬೇಗ, ಟೂರಿಸ್ಟ್ ಗಾಡಿ ಬರೋ ಮುಂಚೆ, ಘಾಟಿ ಓಡ್ಸಿ ಗೊತ್ತಿರೋ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊಂಡು ಸುಂಟಿಕೊಪ್ಪದಿಂದ ಮಡಿಕೇರಿಗೆ ಎರಡು ಸಲ ಹತ್ತಿ ಇಳೀರಿ, ಎಲ್ಲೆಲ್ಲಿ ಗೇರ್ ಇಳಿಸ್ಬೇಕು, ಎಲ್ಲಿ ಗಾಡಿ ಬದಿಗೆ ನಿಲ್ಸೋಕೆ ಜಾಗ ಇದೆ ಅಂತ ನೋಡಿಟ್ಕೊಳ್ಳಿ. ಬಸ್ ಟೈಮ್ ಬರ್ಕೊಂಡ ಮೇಲೆ ಯಾವ ಬಸ್ಸು ಹತ್ತೋದು ಅಂತ ಗೊಂದಲ ಇದ್ರೆ ನಿಮ್ಮ ಆಫೀಸು ಮಡಿಕೇರೀಲಿ ಎಲ್ಲಿ ಅಂತ ತಿಳ್ಸಿ, ಯಾವ ಸ್ಟ್ಯಾಂಡಲ್ಲಿ ಇಳಿದ್ರೆ ನಡಿಯೋದು ಕಮ್ಮಿ ಆಗುತ್ತೆ ಅಂತ ಹೇಳ್ತೀನಿ.